ಆಯತವೂ ವಜ್ರಾಕೃತಿಯೂ



ನಿವೃತ್ತಿಯ ಅನಂತರ ನಾನು ಆಸಕ್ತಿಯಿಂದ ಕಲಿತ ವಿದ್ಯೆಗಳಲ್ಲಿ ಡೇಟಾಬೇಸಿನ ಎಂಟಿಟಿ-ರಿಲೇಷನ್‌ಶಿಪ್ ನಕ್ಷೆ ಬರೆಯುವುದೂ ಒಂದು. ಇದರ ಇತಿಹಾಸ ಸ್ವಾರಸ್ಯಕರವಾದುದು. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ಇರಿಸುವ ಸಿದ್ಧಾಂತವನ್ನು ಮಂಡಿಸಿದರು. ಆದರೆ ಕೋಷ್ಟಕಕ್ಕೆ ಮುನ್ನ ಲೋಕವ್ಯವಹಾರವನ್ನೇ ಚಿತ್ರಿಸಿಕೊಳ್ಳುವ ಸರಳ ಕ್ರಮವೊಂದು ಬೇಕಾಗಿತ್ತು. ತೈವಾನಿನಲ್ಲಿ ಜನಿಸಿ, ಅಮೆರಿಕದ ಎಂಐಟಿಯಲ್ಲಿ ಬೋಧಿಸುತ್ತಿದ್ದ ಪೀಟರ್ ಚೆನ್ ಅವರು 1976ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಒದಗಿಸಿದರು: ವಸ್ತುವಿಗೆ ಆಯತ, ಸಂಬಂಧಕ್ಕೆ ವಜ್ರಾಕೃತಿ, ನಡುವೆ ಗೆರೆ.

ನಮ್ಮ ಶಾಲೆಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿ ಒಂದು ಆಯತ, ವಿಷಯ ಇನ್ನೊಂದು; 'ಕಲಿಕೆ' ನಡುವಿನ ವಜ್ರಾಕೃತಿ. ಹೆಸರು, ಜನ್ಮದಿನಾಂಕಗಳು ವಿದ್ಯಾರ್ಥಿಗೆ ಸೇರಿದವು. ಅಂಕ ಎಲ್ಲಿಗೆ ಸೇರಬೇಕು? ವಿದ್ಯಾರ್ಥಿಯ ಆಯತಕ್ಕೆ ಸೇರಿಸಿದರೆ ಯಾವ ವಿಷಯದ್ದೆಂದು ತಿಳಿಯದು; ವಿಷಯಕ್ಕೆ ಸೇರಿಸಿದರೆ ಯಾರದೆಂದು ತಿಳಿಯದು. ಸಂಬಂಧಕ್ಕೂ ತನ್ನದೇ ಗುಣಗಳಿರಬಹುದೆಂಬುದು ಚೆನ್ ಅವರ ಉತ್ತರ. ಅಂಕದ ಸ್ಥಾನ ವಜ್ರಾಕೃತಿಯಲ್ಲಿ.

'ಅವನು ಮೂವತ್ತೈದರ ಹುಡುಗ' ಎಂಬ ಮಾತನ್ನು ಅಧ್ಯಾಪಕರ ಕೊಠಡಿಗಳಲ್ಲಿ ಬಹಳ ಕೇಳಿದ್ದೇನೆ. ಆ ಮೂವತ್ತೈದು, ಆ ಹುಡುಗನಿಗೂ ಆ ಪಾಠಕ್ಕೂ ಆ ವರ್ಷ ಏರ್ಪಟ್ಟ ಸಂಬಂಧದ ಅಳತೆ ಮಾತ್ರ. ಇಂದು ಪಾಠ ಹೇಳುತ್ತಿರುವ ನನ್ನ ಶಿಷ್ಯರು ಅಂಕಪಟ್ಟಿ ತುಂಬುವಾಗ ಇದನ್ನು ನೆನೆಯಬೇಕೆಂದು ನನ್ನ ಆಶಯ.