ಸೋದರಿಕೆಯ ಮದುವೆ: ನುಡಿ, ರೂಢಿ ಮತ್ತು ಪುರಾವೆ

ದ್ರಾವಿಡ ಭಾಷಿಕರ ಬಂಧುತ್ವ ವ್ಯವಸ್ಥೆಯನ್ನು ಅರಿಯಲು ಸಂಬಂಧವಾಚಕಗಳೇ ಮೊದಲ ಆಕರ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ಸೀಮೆಯ ಆಡುನುಡಿಯೂ ಇದಕ್ಕೆ ಹೊರತಲ್ಲ. ತಾಯಿಯ ಸೋದರನೂ ಮಾವ, ಮಡದಿಯ ತಂದೆಯೂ ಮಾವ. ತಂದೆಯ ಸೋದರಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ದೊಡ್ಡಪ್ಪ, ಚಿಕ್ಕಮ್ಮಂದಿರ ಮಕ್ಕಳಾದರೋ ಒಡಹುಟ್ಟಿದವರಿಗೆ ಸಮಾನರು. ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಈ ಗಡಿ ಸೀಮೆಯ ತೆಲುಗು ಮನೆಮಾತಿನವರ ಮೇನಮಾಮ, ಮೇನತ್ತ ಎಂಬ ಪದಗಳ ಹಿಂದೆಯೂ ಇದೇ ವಿಂಗಡಣೆಯಿದೆ.

ಈ ರೂಢಿ ಪ್ರಾಚೀನವಾದುದು. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದನ್ನು ಬೌಧಾಯನ ಧರ್ಮಸೂತ್ರವು ದಕ್ಷಿಣದವರ ವಿಶೇಷ ಆಚಾರಗಳಲ್ಲಿ ಎಣಿಸಿದೆ. ಆದರೆ ಅಕ್ಕನ ಮಗಳನ್ನು ತಮ್ಮನು ವರಿಸುವ ಪದ್ಧತಿಯನ್ನು ಸಂಬಂಧವಾಚಕಗಳಿಂದಷ್ಟೇ ವಿವರಿಸಲಾಗದು. ಇಲ್ಲಿ ಒಡಹುಟ್ಟಿದ ಅಕ್ಕನೇ ಅತ್ತೆಯಾಗುತ್ತಾಳೆ. ತಲೆಮಾರುಗಳ ಗೆರೆ ಕಲಸಿಹೋಗುತ್ತದೆ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಜಾತಿ-ಬುಡಕಟ್ಟುಗಳ ಸಂಪುಟಗಳು (1928–35) ಹಲವು ಸಮುದಾಯಗಳಲ್ಲಿ ಅಕ್ಕನ ಮಗಳಿಗೆ ಸಮ್ಮತಿಯಿದ್ದು, ತಂಗಿಯ ಮಗಳಿಗೆ ಸಾಮಾನ್ಯವಾಗಿ ಇಲ್ಲದಿರುವುದನ್ನು ದಾಖಲಿಸಿವೆ. ಎಂ. ಎನ್. ಶ್ರೀನಿವಾಸರ 1942ರ ಮೈಸೂರು ಸೀಮೆಯ ವಿವಾಹ-ಕುಟುಂಬಗಳ ಅಧ್ಯಯನ ಮತ್ತು ಇರಾವತಿ ಕರ್ವೆಯವರ 1953ರ ಬಂಧುತ್ವ ಗ್ರಂಥ ಈ ಚರ್ಚೆಯನ್ನು ಮುಂದುವರಿಸಿದವು. ನುಡಿಯ ನಿಯಮ ಬೇರೆ, ರೂಢಿಯ ಸಮ್ಮತಿ ಬೇರೆ ಎಂಬುದು ಇದರಿಂದ ಸ್ಪಷ್ಟ.

ಈ ಭೇದ ಕೇವಲ ಶಾಸ್ತ್ರಚರ್ಚೆಯದಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ಸೋದರಮಾವ-ಸೊಸೆಯರ ಹಾಗೂ ಅಣ್ಣ-ತಂಗಿಯರ ಮಕ್ಕಳ ಮದುವೆಯನ್ನು ನಿಷಿದ್ಧ ಸಂಬಂಧದಲ್ಲಿ ಸೇರಿಸಿದೆ. ವಧೂವರರಿಬ್ಬರಿಗೂ ಅನ್ವಯಿಸುವ ರೂಢಿಯು ಸಮ್ಮತಿಸಿದರೆ ಮಾತ್ರ ವಿನಾಯಿತಿ. ಆ ರೂಢಿಯು ದೀರ್ಘಕಾಲದಿಂದ ಎಡೆಬಿಡದೆ, ಏಕರೂಪವಾಗಿ ನಡೆದು ಬಂದಿರಬೇಕು. ಹೀಗಾಗಿ ವ್ಯಾಜ್ಯ ಹುಟ್ಟಿದಾಗ ರೂಢಿ ಸಾಬೀತಾಗದಿದ್ದರೆ ಮದುವೆಯೇ ಅಸಿಂಧುವಾಗಿ, ಹೆಂಡತಿಯ ಸ್ಥಾನಮಾನವೇ ಪ್ರಶ್ನೆಗೊಳಗಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ರಕ್ತಸಂಬಂಧಿಗಳನ್ನು ವರಿಸಿದವರು. ಆದ್ದರಿಂದ ಇದು ಕೆಲವೇ ಮನೆಗಳ ಸಂಗತಿಯಲ್ಲ.

‘ದಕ್ಷಿಣದ ಪದ್ಧತಿ’ ಎಂಬ ಸಾಮಾನ್ಯೀಕರಣ ಇಂಥಲ್ಲಿ ಸಾಲದು. ಯಾವ ಸಮುದಾಯ, ಯಾವ ಬೆಡಗು, ಯಾವ ತಲೆಮಾರಿನಲ್ಲಿ ಯಾರಿಗೆ ಯಾರನ್ನು ಕೊಟ್ಟಿತೆಂಬ ವಿವರ ಊರೂರಿನ ವಂಶಾವಳಿಗಳಲ್ಲಿ ದಾಖಲಾಗಬೇಕು. ಆ ಸಂಬಂಧಕ್ಕೆ ಹೆಣ್ಣು ಒಪ್ಪಿದ್ದಳೇ ಎಂಬ ಪ್ರಶ್ನೆಯನ್ನೂ ಅದೇ ದಾಖಲೆ ಎತ್ತಬೇಕು. ರೂಢಿಯನ್ನು ಹೇಳಿದವರು ಹೆಚ್ಚಾಗಿ ಮನೆಯ ಯಜಮಾನರು. ಅದನ್ನು ಬಾಳಿದವರ ಮಾತು ಇನ್ನೂ ಸಾಕಷ್ಟು ಸಂಗ್ರಹವಾಗಿಲ್ಲ.