ಮಗುವಿನ ಬಳೆಯೂ ಸುಂಕದ ಕಟ್ಟೆಯೂ

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯು ಕನ್ನಡ ನಾಡಿನಲ್ಲಿ ಬಹು ಕಾಲದಿಂದ ನಡೆದುಬಂದಿದೆ. ಸುಂಕದವನು ಕೇಳತಕ್ಕುದು ಸರಕಿನ ಹೆಸರನ್ನು. ಹೆಸರು ಗೊತ್ತಾದೊಡನೆ ದರವೂ ಗೊತ್ತಾಗುತ್ತದೆ. ಆದುದರಿಂದ ಯಾವ ವಸ್ತುವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದೇ ಸುಂಕದ ಇತಿಹಾಸದ ಮುಖ್ಯ ಪ್ರಶ್ನೆಯಾಗಿರುತ್ತದೆ. ಮಗುವಿನ ಕೈಗೆ ತೊಡಿಸುವ ಬಳೆಯಂಥ ಅಲ್ಪ ವಸ್ತುವಿನಲ್ಲಿಯೂ ಈ ಪ್ರಶ್ನೆಯು ಹೇಗೆ ತಲೆಯೆತ್ತುವುದೆಂಬುದನ್ನು ನೋಡುವುದು ನಿರರ್ಥಕವಾಗಲಾರದು.

ಈ ವಿವೇಚನೆ ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೊರಗಿನಿಂದ ಬರುವ ಸರಕಿಗೆ ಮೌಲ್ಯದ ಐದನೆಯ ಒಂದು ಪಾಲು ಸುಂಕವೆಂದು ಸಾಮಾನ್ಯ ನಿಯಮವನ್ನು ಹೇಳಿದ್ದರೂ, ಶಂಖ, ವಜ್ರ, ಮಣಿ, ಮುತ್ತು, ಹವಳ, ಹಾರಗಳ ವಿಷಯದಲ್ಲಿ ಆಯಾ ಜಾತಿಯನ್ನು ಬಲ್ಲವರಿಂದಲೇ ಸುಂಕವನ್ನು ಗೊತ್ತುಪಡಿಸಬೇಕೆಂದು ವಿಧಿಸಿದೆ. ಒಡವೆಯ ನಿಜವಾದ ಜಾತಿಯು ಕಣ್ಣಿಗೆ ಸುಲಭವಾಗಿ ತಿಳಿಯದೆಂಬುದು ಇದರ ತಾತ್ಪರ್ಯ. ಕನ್ನಡ ನಾಡಿನಲ್ಲಿಯೂ ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ದೊರೆಯುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನು ಸುಂಕದ ಬಂಕಣ್ಣನೆಂದೇ ಪ್ರಸಿದ್ಧನು.

ಶಹಾಬಾದಿಗೆ ಸಮೀಪದ ಭಂಕೂರವೂ ಅದರ ನೆರೆಯ ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳೂ 1948ರ ವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಆ ಸಂಸ್ಥಾನದಲ್ಲಿ ಸುಂಕದ ಖಾತೆಗೆ ಕರೋಡಗಿರಿಯೆಂದು ಹೆಸರು. ನಿಜಾಮರಿಗೂ ಇಂಗ್ಲಿಷ್ ಕಂಪನಿಗೂ 1802ರಲ್ಲಿ ಆದ ವ್ಯಾಪಾರದ ಒಪ್ಪಂದದಂತೆ ಆಮದಿನ ಸರಕಿಗೆ ನೂರಕ್ಕೆ 5ರ ದರವು ನಿಶ್ಚಿತವಾಯಿತು. 1871ರಲ್ಲಿ ಮುಂಬಯಿ ಮತ್ತು ಮದರಾಸುಗಳ ಉಗಿಬಂಡಿಯ ದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡವು; 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲು ಆರಂಭವಾಯಿತು. ಹೀಗೆ ಶಹಾಬಾದಿ ಫರಸಿಕಲ್ಲು ಹೊರಗೆ ಹೋಗುವ ದಾರಿಯೇ ಕಡಲಾಚೆಯ ಸರಕು ಒಳಗೆ ಬರುವ ದಾರಿಯೂ ಆಯಿತು.

ಆ ಸರಕಿನಲ್ಲಿ ಗಾಜಿನ ಬಳೆ, ಮಣಿ, ಹುಸಿಮುತ್ತುಗಳೂ ಸೇರಿದ್ದವು. ಒಂದನೆಯ ಮಹಾಯುದ್ಧಕ್ಕೆ ಮುಂಚೆ ಅವುಗಳಲ್ಲಿ ಹೆಚ್ಚಿನ ಭಾಗವು ಆಸ್ಟ್ರಿಯಾ-ಹಂಗೇರಿಯ ಬೊಹೀಮಿಯಾ ಪ್ರಾಂತದಿಂದ ಬರುತ್ತಿದ್ದಿತು. ಯುದ್ಧದಿಂದ ಆ ದಾರಿ ಕಡಿದಾಗ ಜಪಾನಿನ ಸರಕು ಮುಂದೆ ಬಂದಿತು. ಬ್ರಿಟಿಷ್ ಹಿಂದುಸ್ತಾನದ ಬಂದರುಗಳಲ್ಲಿ 1894ರಲ್ಲಿ ನೂರಕ್ಕೆ 5 ಆಗಿದ್ದ ಸಾಮಾನ್ಯ ದರವು 1916ರಲ್ಲಿ ಏಳೂವರೆಗೂ, 1921ರಲ್ಲಿ 11ಕ್ಕೂ, 1922ರಲ್ಲಿ 15ಕ್ಕೂ ಏರಿತು. ಮುಂಬಯಿಯಲ್ಲಿ ಸುಂಕ ತೆತ್ತ ಸರಕು ಸಂಸ್ಥಾನದ ಎಲ್ಲೆಯನ್ನು ದಾಟಿದಾಗ ಕರೋಡಗಿರಿಯನ್ನೂ ತೆರಬೇಕಾಗುತ್ತಿದ್ದಿತು. ಬಂಗಾರದ ಕಡಗವನ್ನು ಮಾಡಿಸಲಾರದ ಮನೆಯವರು ಕೂಸಿನ ಕೈಗೆ ಗಾಜಿನ ಬಳೆಯನ್ನು ತೊಡಿಸಿದರೆ, ಎರಡು ಸರಕಾರಗಳ ಸುಂಕವು ಆ ಪುಟ್ಟ ಬಳೆಯ ಬೆಲೆಯಲ್ಲಿಯೇ ಅಡಗಿ ಬರುತ್ತಿದ್ದಿತು.

ಸ್ವದೇಶದ ಗಾಜಿನ ಉದ್ಯಮಕ್ಕೆ ರಕ್ಷಣೆ ಕೊಡಬೇಕೆಂದು ಟ್ಯಾರಿಫ್ ಬೋರ್ಡು 1932ರಲ್ಲಿ ಶಿಫಾರಸು ಮಾಡಿತು. ಆದರೆ ಮುಖ್ಯ ಸಾಮಗ್ರಿಯಾದ ಸೋಡಾ ಬೂದಿಯು ದೇಶದಲ್ಲಿ ದೊರೆಯದೆಂಬ ಕಾರಣದಿಂದ ಸರಕಾರವು 1935ರಲ್ಲಿ ಅದನ್ನು ನಿರಾಕರಿಸಿ, ಆ ಬೂದಿಯ ಆಮದು ಸುಂಕದಲ್ಲಿ ಮಾತ್ರ ರಿಯಾಯತಿ ಕೊಟ್ಟಿತು. ಬಳೆಯ ಕುಲುಮೆಗಳಿಗೆ ಹೆಸರಾದ ಫಿರೋಜಾಬಾದಿನಂಥ ಊರುಗಳು ಪೂರ್ಣ ರಕ್ಷಣೆಯಿಲ್ಲದೆಯೇ ಪರದೇಶದ ಪೈಪೋಟಿಯನ್ನು ಎದುರಿಸಬೇಕಾಯಿತು.

ದೇಶವು ಒಂದಾದ ಬಳಿಕ ಒಳಗಡಿಯ ಸುಂಕವೂ ಅಳಿಯಿತು. 1950ರ ಸಂವಿಧಾನವು ತನ್ನ 306ನೆಯ ವಿಧಿಯಲ್ಲಿ ಹಿಂದಿನ ಸಂಸ್ಥಾನಗಳಿಗೆ ಇಂಥ ಸುಂಕವನ್ನು ಕೆಲಕಾಲ ಮುಂದುವರಿಸಲು ಅವಕಾಶ ಕೊಟ್ಟಿದ್ದಿತು. 1956ರ ಏಳನೆಯ ತಿದ್ದುಪಡಿಯಿಂದ ಆ ವಿಧಿಯೇ ರದ್ದಾಯಿತು. ಅದೇ ವರ್ಷ ನವೆಂಬರ 1ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ಅಂದಿನಿಂದ ಕಡಲಾಚೆಯ ಬಳೆಗೆ ಸುಂಕದ ಕಟ್ಟೆಯು ದೇಶದ ಹೊರಗಡಿಯಲ್ಲಿ ಮಾತ್ರ ಉಳಿದಿದೆ.

ಆದರೂ ಹೆಸರಿನ ಪ್ರಶ್ನೆ ತೀರಲಿಲ್ಲ. 1983ರಲ್ಲಿ ಬ್ರಸೆಲ್ಸಿನಲ್ಲಿ ಒಪ್ಪಿತವಾದ ಅಂತರರಾಷ್ಟ್ರೀಯ ವರ್ಗೀಕರಣವನ್ನು ಭಾರತವು 1986ರಿಂದ ತನ್ನ ಸುಂಕದ ಪಟ್ಟಿಗೆ ಆಧಾರವಾಗಿ ತೆಗೆದುಕೊಂಡಿತು. ಅದರಂತೆ ಬಂಗಾರದ ಬಳೆ 71.13ನೆಯ ಶೀರ್ಷಿಕೆಗೆ ಸೇರುತ್ತದೆ. ಗಿಲೀಟಿನದು, ಅದರ ಮೇಲೆ ಬಂಗಾರದ ನೀರು ಹರಿದಿದ್ದರೂ, ಹುಸಿ ಒಡವೆಯೆಂದು 71.17ಕ್ಕೆ ಸೇರುತ್ತದೆ, ಗಾಜಿನ ಬಳೆ 70.18ಕ್ಕೆ, ಹೆರಳಿಗೆ ಸಿಕ್ಕಿಸುವ ಪಿನ್ನು 96.15ಕ್ಕೆ, ಆಟಿಕೆ 95.03ಕ್ಕೆ. ಎರಡು ಶೀರ್ಷಿಕೆಗಳು ಒಂದೇ ವಸ್ತುವಿಗೆ ಹೊಂದುವಂತೆ ಕಂಡರೆ ಹೆಚ್ಚು ವಿಶೇಷವಾಗಿ ವರ್ಣಿಸುವುದನ್ನು ಆರಿಸಬೇಕೆಂಬುದು ನಿಯಮ. ಒಡವೆಯ ಶೀರ್ಷಿಕೆಯಲ್ಲಿ ತೊಡುವವರ ವಯಸ್ಸಿನ ಮಾತಿಲ್ಲ. ತಾಯಿಯ ಗಿಲೀಟು ಬಳೆಗೂ ಮಗಳ ಗಿಲೀಟು ಬಳೆಗೂ ಶಾಸ್ತ್ರವು ಒಂದೇ. ಆದರೆ ಮಗಳದು ಆಟದ ಸಾಮಾನೆಂದು ತೀರ್ಮಾನವಾದರೆ ಲೆಕ್ಕವೇ ಬೇರೆಯಾಗುವುದು.

ಈ ಭೇದವು ಬರಿಯ ಮಾತಿನದಲ್ಲ. ಆಟಿಕೆಗಳ ಮೂಲ ಸುಂಕವನ್ನು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. ಹುಸಿ ಒಡವೆಗೆ 2022ರಲ್ಲಿ ಗೊತ್ತಾದುದು ನೂರಕ್ಕೆ 20, ಇಲ್ಲವೆ ಕಿಲೋಗ್ರಾಮಿಗೆ 400 ರೂಪಾಯಿ, ಇವುಗಳಲ್ಲಿ ಯಾವುದು ಹೆಚ್ಚೋ ಅದು. ಅತಿ ಅಗ್ಗದ ಸರಕು ತೂಕದ ಲೆಕ್ಕದಲ್ಲಿ ಭಾರವಾದ ಸುಂಕವನ್ನೇ ತೆರಬೇಕಾಗುವುದೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಇದಕ್ಕಿಂತ ಗುರುತರವಾದುದು ಇನ್ನೊಂದಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಪರೀಕ್ಷೆಯೂ ಮಾನಕ ಸಂಸ್ಥೆಯ ಮುದ್ರೆಯೂ ಕಡ್ಡಾಯವಾದವು. ಆ ಆಜ್ಞೆಯು ಆಟಿಕೆಗಳಿಗಾಗಿ ಹುಟ್ಟಿದುದು, ಒಡವೆಗಳಿಗಾಗಿ ಅಲ್ಲ. ಕೂಸು ಮಾತ್ರ ಈ ಭೇದವನ್ನು ಅರಿಯದೆ ಎರಡನ್ನೂ ಬಾಯಿಗೆ ಒಯ್ಯುತ್ತದೆ. ಅಗ್ಗದ ಲೋಹದಲ್ಲಿ ಸೀಸವು ಬೆರೆತಿದ್ದರೆ ಅದರ ವಿಷವು ಎಳೆಯ ದೇಹಕ್ಕೆ ಏರುತ್ತದೆ.

ಐದನೆಯ ಒಂದು ಪಾಲೆಂದ ಅರ್ಥಶಾಸ್ತ್ರವೂ ನೂರಕ್ಕೆ ಐದೆಂದ ಕರೋಡಗಿರಿಯೂ ವಸ್ತುವಿನ ಬೆಲೆಯನ್ನು ತೂಗಿದವು. ಇಂದಿನ ಪಟ್ಟಿಯು ಅದರ ಜಾತಿಯನ್ನೂ ಘಟಕವನ್ನೂ ಸೂಕ್ಷ್ಮವಾಗಿ ತೂಗುತ್ತದೆ. ತೊಡುವ ಕೈ ಎಷ್ಟು ಎಳೆಯದೆಂಬುದನ್ನೂ ತೂಗಬಲ್ಲ ಒಂದು ಸಾಲು ಅದರಲ್ಲಿ ಸೇರಿದರೆ, ಸುಂಕದವರ ಮುಂದೆ ಹೇಳಿಕೊಂಡ ಸುಖದುಃಖಕ್ಕೂ ಒಮ್ಮೆ ಬೆಲೆ ಬಂದಂತಾಗುವುದು.