ಅಂಚೆಯ ಗುರು, ಎದುರಿನ ಗುರು

ಪೀಣ್ಯದ ಯಂತ್ರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು, ಈಗ ವೈಟ್‌ಫೀಲ್ಡಿನ ಮಗಳ ಮನೆಯಲ್ಲಿರುವ ನನಗೆ ಪಿಲಾಟೆಸ್ ಎಂಬ ಅಂಗಸಾಧನೆಯ ಹೆಸರು ಕಿವಿಗೆ ಬಿದ್ದದ್ದು 2020ರಲ್ಲಿ. ಆ ವರ್ಷ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ಕುಳಿತು ಕುಳಿತು ನನ್ನ ಸೊಂಟ ಹಿಡಿಯಿತು. ಮಗಳು ಕಂಪ್ಯೂಟರಿನ ಮುಂದೆ ಚಾಪೆ ಹಾಸಿ, "ಅಪ್ಪಾ, ಇವರು ಹೇಳಿದ ಹಾಗೆ ಮಾಡಿ" ಎಂದಳು. ಪರದೆಯ ಮೇಲೆ ಅಂಚೆಚೀಟಿಯಷ್ಟಗಲದ ಚೌಕಗಳಲ್ಲಿ ಹತ್ತಾರು ಮುಖಗಳು. ಅವುಗಳಲ್ಲಿ ನನ್ನದೂ ಒಂದು. ಮೂರು ತಿಂಗಳು ಶ್ರದ್ಧೆಯಿಂದಲೇ ಮಾಡಿದೆ. ಸೊಂಟ ಕೊಂಚ ಸಡಿಲಾಯಿತು, ನಿಜ. ಆದರೆ ಕತ್ತು ಹಿಡಿದುಕೊಂಡಿತು.

ಊರು ಮತ್ತೆ ತೆರೆದ ಮೇಲೆ ಹತ್ತಿರದ ಒಂದು ತರಗತಿಗೆ ಹೋದೆ. ಮಲಗಿ, ತಲೆಯೆತ್ತಿ, ತೋಳುಗಳನ್ನು ನೂರು ಸಲ ಆಡಿಸುವ ಅಭ್ಯಾಸವೊಂದಿದೆ. ನಾನು ಹತ್ತನೆಯ ಎಣಿಕೆಗೆ ಬಂದಿರಲಿಲ್ಲ. ಕಲಿಸುವ ಹುಡುಗಿ ಹತ್ತಿರ ಬಂದು, "ಸಾರ್, ಕತ್ತಿನಿಂದ ಎತ್ತುತ್ತಾ ಇದ್ದೀರಿ. ಮುಟ್ಟಬಹುದಾ?" ಎಂದು ಕೇಳಿ, ತಲೆಯ ಹಿಂದೆ ಅಂಗೈ ಕೊಟ್ಟಳು. ಇನ್ನೊಂದು ಕೈಯ ಎರಡು ಬೆರಳನ್ನು ಪಕ್ಕೆಲುಬಿನ ಮೇಲಿಟ್ಟು, "ಇದು ಕೆಳಗೆ ಇಳಿಯಲಿ" ಎಂದಳು. ಮೂರು ತಿಂಗಳು ಕಿವಿಯಲ್ಲಿ ಕೇಳಿದ್ದ ಮಾತು ಆ ಕ್ಷಣದಲ್ಲಿ ಮೈಗೆ ತಿಳಿಯಿತು.

ನನಗೆ ತಟ್ಟನೆ ನೆನಪಾದದ್ದು ನನ್ನ ಮೊದಲ ಮೇಸ್ತ್ರಿ. ಅರ ಉಜ್ಜುವುದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಬಂದವನು ನಾನು. ಅವರು ನನ್ನ ಕೈಮೇಲೆ ಕೈಯಿಟ್ಟು, "ತೋಳಿನಿಂದ ತಳ್ಳಬೇಡಪ್ಪಾ, ಮೈಯಿಂದ ತಳ್ಳು" ಎಂದ ಮೇಲೆಯೇ ಕಬ್ಬಿಣ ಸಮವಾಗಿ ಸವೆದದ್ದು.

ದೂರದಲ್ಲಿದ್ದು ವ್ಯಾಯಾಮ ಕಲಿಯುವುದು ಕಂಪ್ಯೂಟರಿನೊಡನೆ ಹುಟ್ಟಿದ ಪದ್ಧತಿಯೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಯೂಜಿನ್ ಸ್ಯಾಂಡೋ ಎಂಬ ಜಗತ್ಪ್ರಸಿದ್ಧ ಬಲಶಾಲಿ, 1904-05ರಲ್ಲಿ ನಮ್ಮ ದೇಶಕ್ಕೂ ಬಂದು ಹೋದವನು, ಅಂಚೆಯ ಮೂಲಕ ಪಾಠ ಹೇಳುತ್ತಿದ್ದ. ನಮ್ಮ ಬೆಂಗಳೂರಿನಲ್ಲೇ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರು ಇದ್ದರು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃವೆಂದು, ಕೈಲಾಸಂ ಅವರ ಆಪ್ತರೆಂದು ಕನ್ನಡಿಗರು ಅವರನ್ನು ಬಲ್ಲರು. ಆದರೆ 1930ರ ದಶಕದಲ್ಲಿ ದೇಶದ ತುಂಬ ಅವರ ಹೆಸರು ಹರಡಿದ್ದು ಮೈಕಟ್ಟಿನಿಂದ. ಹರ್ಕ್ಯುಲಿಸ್ ಜಿಮ್ನಾಷಿಯಂ ಎಂಬ ವ್ಯಾಯಾಮಶಾಲೆಯನ್ನು ನಡೆಸಿದರು. ಜೊತೆಗೆ ದೂರದವರಿಗೆ ಅಂಚೆಯ ಮೂಲಕ ಶಿಕ್ಷಣ ಕೊಟ್ಟರು. 1940ರಲ್ಲಿ ಅದೇ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಹತ್ತಿರದಲ್ಲಿ ವ್ಯಾಯಾಮಶಾಲೆಯಿಲ್ಲದ ಹುಡುಗನಿಗೆ ಆ ಲಕೋಟೆ ಎಷ್ಟು ದೊಡ್ಡ ಉಪಕಾರವಾಗಿದ್ದಿರಬೇಕು! ಆದರೂ ಅಯ್ಯರ್ ಅವರು ಶಾಲೆಯ ಬಾಗಿಲನ್ನು ಮುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು.

ಮೈಸೂರಿನಲ್ಲೂ ಇದೇ ಕಥೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಮರುವರ್ಷವೇ ಅವರ 'ಯೋಗ ಮಕರಂದ' ಕನ್ನಡದಲ್ಲಿ ಚಿತ್ರಗಳೊಡನೆ ಹೊರಬಂತು. ಅವರ ಶಿಷ್ಯರಾದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ ಅವರು 1966ರಲ್ಲಿ ಬರೆದ ಯೋಗಗ್ರಂಥ ಲೋಕವನ್ನೇ ಸುತ್ತಿತು. ಹಾಗಿದ್ದೂ ಅಯ್ಯಂಗಾರ್ ಅವರು ಕಡೆಯವರೆಗೂ ಶಿಷ್ಯರ ನಡುವೆ ಓಡಾಡಿ, ಹಗ್ಗ, ಹಲಗೆ, ಕುರ್ಚಿಗಳನ್ನು ಕೊಟ್ಟು, ಒಬ್ಬೊಬ್ಬರ ಮೈಗೂ ತಕ್ಕಂತೆ ಆಸನವನ್ನು ತಿದ್ದಿದರು.

ಇನ್ನು ಪಿಲಾಟೆಸ್ ಪದ್ಧತಿಯ ಮೂಲಪುರುಷನ ಸಂಗತಿ. ಜೋಸೆಫ್ ಪಿಲಾಟೆಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಬಂಧನಶಿಬಿರದಲ್ಲಿದ್ದು, 1926ರಲ್ಲಿ ನ್ಯೂಯಾರ್ಕಿಗೆ ಹೋದ. 1945ರಲ್ಲಿ ಮನೆಯಲ್ಲೇ ಮಾಡಬಹುದಾದ 34 ಅಭ್ಯಾಸಗಳ ಪುಸ್ತಕ ಬರೆದ. ಆದರೆ 1967ರಲ್ಲಿ ತೀರಿಕೊಳ್ಳುವ ತನಕ ಅವನ ಜೀವನ ನಡೆದದ್ದು ಹೆಂಡತಿ ಕ್ಲಾರಾಳೊಡನೆ ತನ್ನ ಶಾಲೆಯಲ್ಲಿ, ನರ್ತಕರ ಮೈಯನ್ನು ಕೈಯಾರೆ ತಿದ್ದುವುದರಲ್ಲಿ.

ಇವರೆಲ್ಲರೂ ಪುಸ್ತಕ ಬರೆದರು, ಕಾಗದ ಬರೆದರು; ಶಾಲೆಯನ್ನು ಮಾತ್ರ ಬಿಡಲಿಲ್ಲ. ಕಾರಣ ಸರಳ. ತನ್ನ ಮೈ ಸೊಟ್ಟಗಿದೆಯೆಂಬುದು ಸೊಟ್ಟಗಿರುವವನಿಗೇ ತಿಳಿಯದು. ಬಹುಕಾಲದ ವಕ್ರವೇ ಅವನಿಗೆ ನೇರವಾಗಿ ತೋರುತ್ತದೆ. ಅಂಚೆಯಲ್ಲಿ ಉತ್ತರ ಬರುವ ಹೊತ್ತಿಗೆ ತಪ್ಪು ಮೈಗೆ ಅಂಟಿರುತ್ತದೆ. ಪರದೆ ಅಂಚೆಗಿಂತ ಬೇಗ, ಒಪ್ಪೋಣ. ಆದರೂ ಅದು ನೋಡುವುದು ಒಂದೇ ಕಡೆಯಿಂದ. ಉಸಿರು ಬೆನ್ನಿನ ಪಕ್ಕೆಗೆ ಹೋಯಿತೋ ಇಲ್ಲವೋ ಎಂಬುದು ಕಣ್ಣಿಗಿಂತ ಕೈಗೆ ಚೆನ್ನಾಗಿ ತಿಳಿಯುತ್ತದೆ. ಎದುರಿದ್ದ ಗುರು ಹಾಗೆ ಕೇಳಿಯೇ ಮುಟ್ಟಬೇಕು. ಆ ಹುಡುಗಿಯಿಂದ ನಾನು ಕಲಿತ ಇನ್ನೊಂದು ಪಾಠವಿದು.

ದೂರದ ಪಾಠವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಾಳಿಯ ಕೆಲಸ ಮುಗಿಸಿ ಬಂದವನಿಗೆ, ಕೂಸನ್ನು ಬಿಟ್ಟು ಹೊರಡಲಾರದ ತಾಯಿಗೆ, ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುವವನಿಗೆ ಅದು ಬೇಕೇ ಬೇಕು. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ಮೇಲು. ಆದರೆ ಮೊದಲ ಕೆಲವು ತಿಂಗಳು ಎದುರಿಗೆ ಹೋಗಿ ಕಲಿಯಬೇಕು, ಮುಖ್ಯವಾಗಿ ನೋವಿರುವವರು, ವಯಸ್ಸಾದವರು. ಮೈಗೆ ಸರಿ ಯಾವುದೆಂದು ತಿಳಿದ ಮೇಲೆ ಪರದೆ ಅದನ್ನು ನೆನಪಿಸಬಲ್ಲದು. ತಿಳಿಯದ ಮೈಗೆ ಅದು ಕಲಿಸಲಾರದು.

ಬಾಗಿಲು ಮುಚ್ಚಿದ ದಿನಕ್ಕೆ ಸರಿಯಾಗಿ ಮೂರು ವರ್ಷವಾದಾಗ, 2023ರ ಮಾರ್ಚ್ 25ರಂದು, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ಉದ್ಘಾಟನೆಯಾಯಿತು. ಪೀಣ್ಯದ ನನ್ನ ಹಳೆಯ ಗೆಳೆಯರೊಬ್ಬರು ಈಗ ಮೆಟ್ರೋ ಹಿಡಿದು ಶನಿವಾರದ ತರಗತಿಗೆ ಬರುತ್ತಾರೆ. ಮೊದಲ ದಿನ ಅವರು ತಲೆಯೆತ್ತಿದಾಗ ಪಕ್ಕದ ಚಾಪೆಯಲ್ಲಿದ್ದ ನಾನು, "ಕತ್ತಿನಿಂದ ಎತ್ತಬೇಡಿ ಸ್ವಾಮಿ" ಎಂದೆ. ಅವರು ನಕ್ಕರು, ತಲೆ ಸರಿಯಾಗಿ ಮೇಲೆದ್ದಿತು.